ಕ್ಲಿಕ್ ಬರುವ ಮೊದಲೇ ಕಿತ್ತುಬಂದ ಥ್ರೆಡ್: ಹಳೆಯ ಬಂಡಿಯ ಬೋಲ್ಟ್ ಬಿಗಿತದ ಲೆಕ್ಕ

ಪ್ರಶ್ನೆ: ನನ್ನ ತಂದೆಯವರ 1986ರ ಯೆಜ್ಡಿ ರೋಡ್‌ಕಿಂಗ್ ಬಂಡಿಯನ್ನು ತಿಪಟೂರಿನ ನಮ್ಮ ಮನೆಯಲ್ಲೇ ಬಿಚ್ಚಿ ಜೋಡಿಸುತ್ತಿದ್ದೇನೆ. ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸಿ ಆಗಿದೆ. ಕ್ಲಚ್ ಕವರಿನ ಹಳೆಯ ಸ್ಕ್ರೂಗಳ ತಲೆ ಸವೆದಿದ್ದರಿಂದ 6 ಎಂಎಂ ಅಲೆನ್ ಬೋಲ್ಟ್ (ತಲೆಯಲ್ಲಿ ಆರು ಮೂಲೆಯ ಕುಳಿಯಿರುವ ಬೋಲ್ಟ್) ತಂದೆ. ಕೈಪಿಡಿಯ ಜೆರಾಕ್ಸ್ ಪ್ರತಿಯಲ್ಲಿ ಹೆಡ್ ನಟ್ಟಿನ ಅಂಕಿ ಇದೆ, ಕವರ್ ಬೋಲ್ಟಿನದು ಇಲ್ಲ. ಎಲ್ಲೋ ಸಿಕ್ಕ ಕೋಷ್ಟಕದಲ್ಲಿ 6 ಎಂಎಂ ಬೋಲ್ಟಿಗೆ 10 ನ್ಯೂಟನ್ ಮೀಟರ್ ಎಂದಿತ್ತು. 10ರಿಂದ 110ರವರೆಗೆ ಗೆರೆಯಿರುವ ಕ್ಲಿಕ್ ಟಾರ್ಕ್ ವ್ರೆಂಚನ್ನು (ಇಟ್ಟ ಅಂಕಿಯಷ್ಟು ಬಿಗಿಯಾದಾಗ ಕ್ಲಿಕ್ ಎನ್ನುವ ಸ್ಪ್ಯಾನರ್) 10ಕ್ಕೆ ಇಟ್ಟು, ಥ್ರೆಡ್ಡಿಗೆ ಸ್ವಲ್ಪ ಇಂಜಿನ್ ಆಯಿಲ್ ಹಚ್ಚಿ ಬಿಗಿ ಮಾಡಿದರೆ, ಮೂರನೆಯ ಬೋಲ್ಟಿನಲ್ಲಿ ಕ್ಲಿಕ್ ಬರುವ ಮೊದಲೇ ಥ್ರೆಡ್ ಕಿತ್ತುಬಂತು. ಅಂಕಿ ತಪ್ಪೇ, ವ್ರೆಂಚ್ ತಪ್ಪೇ, ನನ್ನ ಕೈ ತಪ್ಪೇ? ಹೆಡ್ ನಟ್ ಇನ್ನೂ ಬಾಕಿ ಇದೆ. ಅದಕ್ಕೆ ಎಣ್ಣೆ ಹಚ್ಚಬೇಕೇ? ನಮ್ಮ ಮೆಕ್ಯಾನಿಕ್ ಮಾತ್ರ ‘ಕೈ ಅಂದಾಜು ಸಾಕು ಸ್ವಾಮಿ’ ಎನ್ನುತ್ತಾರೆ.

ಉತ್ತರ: ಅಂಕಿ, ವ್ರೆಂಚ್, ಎಣ್ಣೆ, ರಂಧ್ರ ಈ ನಾಲ್ಕೂ ನಿಮ್ಮ ವಿರುದ್ಧ ಸೇರಿಕೊಂಡಿವೆ, ಒಂದೊಂದೇ ಆಗಿದ್ದರೆ ಬಹುಶಃ ಥ್ರೆಡ್ ಉಳಿಯುತ್ತಿತ್ತು. ಏನಾಯಿತೆಂದು ತಿಳಿಯಬೇಕಾದರೆ ಮೊದಲು ಟಾರ್ಕ್, ಅಂದರೆ ನ್ಯೂಟನ್ ಮೀಟರಿನಲ್ಲಿ ಹೇಳುವ ತಿರುಗಿಸುವ ಬಲ, ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂಬುದನ್ನು ನೋಡಬೇಕು.

ಬೋಲ್ಟನ್ನು ಬಿಗಿ ಮಾಡುವಾಗ ನಾವು ನಿಜವಾಗಿ ಮಾಡುತ್ತಿರುವುದು ಅದನ್ನು ಕೂದಲೆಳೆಯಷ್ಟು ಹಿಗ್ಗಿಸುವ ಕೆಲಸ. ಹಿಗ್ಗಿದ ಉಕ್ಕು ಮೊದಲಿನ ಉದ್ದಕ್ಕೆ ಮರಳಲು ಎಳೆಯುತ್ತದೆ, ಆ ಎಳೆತವೇ ಎರಡು ಭಾಗಗಳನ್ನು ಒಂದಕ್ಕೊಂದು ಅದುಮಿ ಹಿಡಿಯುತ್ತದೆ. ನಮಗೆ ಬೇಕಾದದ್ದು ಈ ಎಳೆತ. ಆದರೆ ಮನೆಯಲ್ಲಿ ಕುಳಿತು ಅದನ್ನು ನೇರವಾಗಿ ಅಳೆಯುವ ದಾರಿ ಇಲ್ಲದ್ದರಿಂದ ತಿರುಗಿಸಲು ಎಷ್ಟು ಬಲ ಬೇಕಾಯಿತು ಎಂಬುದನ್ನು ಅಳೆದು, ಎಳೆತ ಇಷ್ಟಿರಬಹುದು ಎಂದು ಊಹಿಸುತ್ತೇವೆ. ಊಹೆ ಎಷ್ಟು ದುರ್ಬಲ ಎಂದರೆ, ನಾವು ಹಾಕುವ ಟಾರ್ಕಿನಲ್ಲಿ ಸುಮಾರು ಅರ್ಧದಷ್ಟು ಬೋಲ್ಟಿನ ತಲೆಯ ಕೆಳಗಿನ ಘರ್ಷಣೆಗೆ, ಇನ್ನು ನೂರಕ್ಕೆ ನಲವತ್ತರಷ್ಟು ಥ್ರೆಡ್ಡಿನ ಘರ್ಷಣೆಗೆ ಖರ್ಚಾಗಿ, ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ಹತ್ತನೆಯ ಒಂದು ಪಾಲು ಮಾತ್ರ. ಘರ್ಷಣೆಯ ತೊಂಬತ್ತು ಎಂಬತ್ತೈದಕ್ಕೆ ಇಳಿದರೆ ಉಳಿದ ಹತ್ತು ಹದಿನೈದಾಗುತ್ತದೆ, ಅಂದರೆ ವ್ರೆಂಚಿನ ಮೇಲಿನ ಅಂಕಿ ಕದಲದೆಯೇ ಎಳೆತ ಒಂದೂವರೆ ಪಟ್ಟಾಗುತ್ತದೆ. ತುಕ್ಕು, ಬಣ್ಣ, ಹಳೆಯ ಗಮ್ ಸೇರಿ ಘರ್ಷಣೆ ಏರಿದರೆ ಇದರ ತದ್ವಿರುದ್ಧವಾಗಿ ಕ್ಲಿಕ್ ಬಂದಿರುತ್ತದೆ, ಬೋಲ್ಟ್ ಮಾತ್ರ ಸಡಿಲವಾಗಿಯೇ ಇರುತ್ತದೆ. ಕೈಪಿಡಿಯಲ್ಲಿರುವ ಅಂಕಿ ಕಾರ್ಖಾನೆಯ ಹೊಸ ಬೋಲ್ಟಿಗೆ, ಹೊಸ ಥ್ರೆಡ್ಡಿಗೆ ಬರೆದದ್ದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಬಾಗಿಲು ಮುಚ್ಚಿದ್ದೇ 1996ರಲ್ಲಿ. ಅಲ್ಲಿಂದ ಹೊರಬಂದ ಬಂಡಿಗಳಲ್ಲಿ ಈಗ ಹೊಸ ಥ್ರೆಡ್ ಎಂಬುದು ಉಳಿದಿಲ್ಲ. ಆದ್ದರಿಂದ ಹಳೆಯ ಬಂಡಿಯಲ್ಲಿ ಥ್ರೆಡ್ಡನ್ನು ಆ ಹೊಸ ಸ್ಥಿತಿಯ ಹತ್ತಿರಕ್ಕೆ ತರುವುದೇ ಮುಖ್ಯ ಕೆಲಸವೆಂದೂ, ವ್ರೆಂಚ್ ಹಿಡಿಯುವುದು ಅದರ ಕೊನೆಯ ಎರಡು ನಿಮಿಷವೆಂದೂ ನಾನು ತಿಳಿದಿದ್ದೇನೆ.

ಈಗ ನಿಮ್ಮ ಬೋಲ್ಟಿನ ಲೆಕ್ಕವನ್ನೇ ಹಾಕೋಣ. ಟಾರ್ಕನ್ನು ಬೋಲ್ಟಿನ ವ್ಯಾಸದಿಂದಲೂ ಘರ್ಷಣೆಯನ್ನು ಸೂಚಿಸುವ ಒಂದು ಅಂಕದಿಂದಲೂ ಭಾಗಿಸಿದರೆ ಎಳೆತ ಸಿಗುತ್ತದೆ. ಒಣ ಥ್ರೆಡ್ಡಿಗೆ ಆ ಅಂಕವನ್ನು 0.2 ಎಂದೂ ಎಣ್ಣೆ ಹಚ್ಚಿದ್ದಕ್ಕೆ 0.15 ಎಂದೂ ಹಿಡಿಯುವುದು ವಾಡಿಕೆ. ಒಣ 6 ಎಂಎಂ ಬೋಲ್ಟಿಗೆ 10 ನ್ಯೂಟನ್ ಮೀಟರ್ ಕೊಟ್ಟರೆ ಎಳೆತ ಸುಮಾರು 8,300 ನ್ಯೂಟನ್, ನಮ್ಮ ಆಡುಮಾತಿನಲ್ಲಿ 850 ಕಿಲೋ. ಎಣ್ಣೆ ಹಚ್ಚಿ ಅದೇ 10 ಕೊಟ್ಟರೆ 11,100 ನ್ಯೂಟನ್, ಅಂದರೆ 1,130 ಕಿಲೋ. ತಲೆಯ ಮೇಲೆ 8.8 ಎಂದು ಮುದ್ರೆಯಿರುವ 6 ಎಂಎಂ ಬೋಲ್ಟ್ ಶಾಶ್ವತವಾಗಿ ಉದ್ದವಾಗದೆ ತಡೆಯಬಲ್ಲ ಎಳೆತ 11,600 ನ್ಯೂಟನ್ನಿನ ಆಸುಪಾಸು. ನೀವು ಹಚ್ಚಿದ ನಾಲ್ಕು ಹನಿ ಎಣ್ಣೆ ಬೋಲ್ಟನ್ನು ಆ ಅಂಚಿನವರೆಗೆ ಒಯ್ದಿದೆ. ಬೋಲ್ಟ್ ಮುರಿಯದೆ ಉಳಿದದ್ದು ಏಕೆಂದರೆ ಅಂಗಡಿಯಲ್ಲಿ ಸಿಗುವ ಅಲೆನ್ ಬೋಲ್ಟುಗಳು ಬಹುಮಟ್ಟಿಗೆ 12.9 ದರ್ಜೆಯವು, ಹಳೆಯ ಸ್ಕ್ರೂಗಳಿಗಿಂತ ಎಷ್ಟೋ ಗಟ್ಟಿ. ಬೋಲ್ಟ್ ಗಟ್ಟಿಯಾದಷ್ಟೂ ಸೋಲುವ ಸರದಿ ಅಲ್ಯೂಮಿನಿಯಂ ಎರಕದ್ದಾಗುತ್ತದೆ. ಸ್ಕ್ರೂ ಮುರಿದಿದ್ದರೆ ಹತ್ತು ರೂಪಾಯಿಯಲ್ಲಿ ಮುಗಿಯುತ್ತಿತ್ತು, ಕೇಸಿಂಗ್ ಹಾಗಲ್ಲ.

ಆ ಕವರಿಗೆ ಕಾರ್ಖಾನೆಯವರು ಹಾಕಿದ್ದು ಸ್ಕ್ರೂಡ್ರೈವರಿನಿಂದ ತಿರುಗಿಸುವ ಸೀಳುತಲೆಯ ಸ್ಕ್ರೂ ಎಂಬುದನ್ನೂ ಮರೆಯಬಾರದು. ಸ್ಕ್ರೂಡ್ರೈವರ್ ಹಿಡಿದ ಕೈ ಎಷ್ಟೇ ಬಲವಾದದ್ದಾದರೂ ನಾಲ್ಕೈದು ನ್ಯೂಟನ್ ಮೀಟರ್ ದಾಟುವುದು ಕಷ್ಟ. ಕವರಿನ ಪ್ಯಾಕಿಂಗಿಗೆ ಅಷ್ಟು ಸಾಕು ಎಂದೇ ಆ ಬಗೆಯ ತಲೆಯನ್ನು ಕೊಟ್ಟಿದ್ದರು. ತಲೆ ಬದಲಾದ ಮಾತ್ರಕ್ಕೆ ಕವರಿನ ಅಗತ್ಯ ಹೆಚ್ಚಾಗಲಿಲ್ಲ. ಅಲೆನ್ ಬೋಲ್ಟ್ ಹಾಕುವುದು ತಪ್ಪಲ್ಲ, ನಾನೂ ಹಾಕುತ್ತೇನೆ. ಆದರೆ ಅಂಥ ಕವರುಗಳಿಗೆ 6ರಿಂದ 7 ನ್ಯೂಟನ್ ಮೀಟರ್ ದಾಟುವುದಿಲ್ಲ, ಥ್ರೆಡ್ಡಿಗೆ ಎಣ್ಣೆ ಹಚ್ಚುವುದಿಲ್ಲ, ಬೋಲ್ಟಿನ ಉದ್ದವನ್ನು ಅಳೆಯದೆ ಕೊಳ್ಳುವುದಿಲ್ಲ.

ಉದ್ದದ ವಿಷಯವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಉಕ್ಕಿನೊಳಗೆ ತಿರುಗುವ ಬೋಲ್ಟಿಗೆ ತನ್ನ ವ್ಯಾಸದಷ್ಟು ಥ್ರೆಡ್ ಹಿಡಿತ ಸಿಕ್ಕರೆ ಸಾಕಾಗುತ್ತದೆ, ಅಲ್ಯೂಮಿನಿಯಂಗೆ ಒಂದೂವರೆಯಿಂದ ಎರಡು ಪಟ್ಟು ಬೇಕು. 6 ಎಂಎಂ ಬೋಲ್ಟಿಗೆ ಹಾಗಾದರೆ 9ರಿಂದ 12 ಮಿಲಿಮೀಟರ್. ಸೈಕಲ್ ಕಡ್ಡಿಯ ತುಂಡೊಂದನ್ನು ರಂಧ್ರದೊಳಗೆ ತಳ ಮುಟ್ಟುವವರೆಗೆ ಇಳಿಸಿ ಗುರುತು ಮಾಡಿಕೊಳ್ಳಿ, ಕವರಿನ ದಪ್ಪವನ್ನೂ ಪ್ಯಾಕಿಂಗನ್ನೂ ಕೂಡಿಸಿ, ಬೋಲ್ಟ್ ತಳಕ್ಕೆ ತಗುಲದೆ ಎರಡು ಮಿಲಿಮೀಟರ್ ಬಿಟ್ಟು ನಿಲ್ಲುವ ಹಾಗೆ ಉದ್ದ ಆರಿಸಿ. ಗಿಡ್ಡ ಬೋಲ್ಟ್ ಹಾಕಿದರೆ ನಾಲ್ಕೇ ಸುತ್ತಿನ ಮೇಲೆ ಇಡೀ ಭಾರ ಬಿದ್ದು, ನಿಮಗೆ ಬಂದಂತೆ, ಬೋಲ್ಟಿನ ಸುತ್ತ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿದ ಬಿಳಿಯ ಅಲ್ಯೂಮಿನಿಯಂ ಎಳೆ ಹೊರಗೆ ಬರುತ್ತದೆ. ಕಿತ್ತುಬಂದ ಬೋಲ್ಟ್ ಇನ್ನೂ ನಿಮ್ಮ ಬಳಿ ಇದ್ದರೆ ಆ ಎಳೆ ಎಷ್ಟು ಸುತ್ತು ಇದೆ ಎಂದು ಎಣಿಸಿ ನೋಡಿ: 6 ಎಂಎಂ ಥ್ರೆಡ್ಡಿನ ಪಿಚ್, ಅಂದರೆ ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ದೂರ, 1 ಮಿಲಿಮೀಟರ್ ಆದ್ದರಿಂದ ಎಷ್ಟು ಸುತ್ತೋ ಅಷ್ಟು ಮಿಲಿಮೀಟರ್ ಹಿಡಿತವಿತ್ತೆಂದು ಅರ್ಥ. ಆರಕ್ಕಿಂತ ಕಡಿಮೆ ಇದ್ದರೆ ತನಿಖೆ ಅಲ್ಲಿಗೇ ಮುಗಿಯಿತು.

ರಂಧ್ರದ ತಳ ಮುಚ್ಚಿದ್ದರೆ ಒಳಗೆ ಎಣ್ಣೆ ನಿಂತಿರಬಾರದು. ಎಣ್ಣೆ ಅದುಮಿದರೆ ಕುಗ್ಗುವ ವಸ್ತುವಲ್ಲ. ಬೋಲ್ಟ್ ಇಳಿದಂತೆ ಅದು ಪಿಸ್ಟನ್ನಿನ ಕೆಳಗೆ ಸಿಕ್ಕ ದ್ರವದಂತೆ ಎದುರು ನಿಂತು, ಬೋಲ್ಟ್ ಕೂತಿತೆಂಬ ಭ್ರಮೆ ಹುಟ್ಟಿಸುತ್ತದೆ, ಕೆಲವೊಮ್ಮೆ ಎರಕವನ್ನೇ ಸೀಳುತ್ತದೆ. ಪೆಟ್ರೋಲಿನಲ್ಲಿ ತೊಳೆದ ಮೇಲೂ ಇದೇ ಆಗುವುದರಿಂದ ರಂಧ್ರವನ್ನು ಗಾಳಿ ಊದಿ, ಬಟ್ಟೆ ಸುತ್ತಿದ ಕಡ್ಡಿ ಹಾಕಿ ಒಣಗಿಸಿದ ನಂತರವೇ ಬೋಲ್ಟ್ ಹಿಡಿಯಬೇಕು.

ವ್ರೆಂಚಿನ ಮಾತಿಗೆ ಬರೋಣ. ಕೈ ಟಾರ್ಕ್ ವ್ರೆಂಚುಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 6789, ಗರಿಷ್ಠ ಅಂಕಿಯ ನೂರಕ್ಕೆ ಇಪ್ಪತ್ತರಿಂದ ನೂರರವರೆಗಿನ ವ್ಯಾಪ್ತಿಯಲ್ಲಿ ಮಾತ್ರ ನಿಖರತೆಯನ್ನು ಕೇಳುತ್ತದೆ. ನಿಮ್ಮದರ ಗರಿಷ್ಠ 110, ಅದರ ಐದನೆಯ ಒಂದು ಪಾಲು 22. ಅದಕ್ಕಿಂತ ಕೆಳಗೆ ಗೆರೆ ಕೊರೆದಿದ್ದಾರೆ ಎಂದ ಮಾತ್ರಕ್ಕೆ ಅಲ್ಲಿ ಅದನ್ನು ನಂಬಬೇಕಾಗಿಲ್ಲ. ಜೊತೆಗೆ ಅಷ್ಟು ಕೆಳಗೆ ಕ್ಲಿಕ್ ಎಂಬುದು ಬೆರಳಿಗೆ ಗೊತ್ತಾಗದಷ್ಟು ಸಣ್ಣದಿರುತ್ತದೆ, ಉದ್ದ ಹಿಡಿಯ ಮೇಲೆ ಕೈ ಅದನ್ನು ದಾಟಿಬಿಡುತ್ತದೆ. ನಿಮ್ಮ ಬೋಲ್ಟಿನಲ್ಲಿ ಕ್ಲಿಕ್ ಬಂದು ಹೋಗಿದ್ದು ನಿಮಗೆ ತಿಳಿಯದೇ ಇದ್ದಿರಲೂಬಹುದು. ಇಂಜಿನ್ ಕೆಲಸಕ್ಕೆ ನಿಜವಾಗಿ ಎರಡು ವ್ರೆಂಚ್ ಬೇಕು: ಸಾಕೆಟ್ ಸಿಕ್ಕಿಸುವ ತುದಿ ಕಾಲಿಂಚಿನ ಚೌಕವಾಗಿರುವುದು ಸುಮಾರು 5ರಿಂದ 25ರವರೆಗೆ, ಇನ್ನೊಂದು ಅದಕ್ಕಿಂತ ಮೇಲಿನದಕ್ಕೆ. ಒಂದನ್ನೇ ಕೊಳ್ಳುವಷ್ಟು ಹಣವಿದ್ದರೆ ಚಿಕ್ಕದನ್ನೇ ಕೊಳ್ಳಿ ಎನ್ನುತ್ತೇನೆ, ಏಕೆಂದರೆ ಹಳೆಯ ಬಂಡಿಯಲ್ಲಿ ಹಾಳಾಗುವುದೆಲ್ಲ 6 ಎಂಎಂ ರಂಧ್ರಗಳೇ.

ನಿಮ್ಮ ದೊಡ್ಡ ವ್ರೆಂಚನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ. ವ್ರೆಂಚಿನ ಚೌಕವನ್ನು ವೈಸ್‌ಗೆ ಕಚ್ಚಿಸಿ, ಹಿಡಿ ನೆಲಕ್ಕೆ ಸಮಾನಾಂತರವಾಗಿ ಚಾಚಿರುವಂತೆ ಇಡಿ. ವೈಸ್ ಬಾಯಿಗೆ ಎರಡು ತುಂಡು ಅಲ್ಯೂಮಿನಿಯಂ ತಗಡು ಕೊಡಿ. ಚೌಕದ ನಡುವಿನಿಂದ ಹಿಡಿಯ ನಡುವಿಗೆ ದೂರ 30 ಸೆಂಟಿಮೀಟರ್ ಎಂದುಕೊಳ್ಳೋಣ. 30 ನ್ಯೂಟನ್ ಮೀಟರಿಗೆ ಇಟ್ಟು, ಆ ನಡುವಿನಲ್ಲಿ ಹಗ್ಗದಿಂದ ಬಕೆಟ್ ತೂಗುಹಾಕಿ, ಲೋಟದಿಂದ ನಿಧಾನವಾಗಿ ನೀರು ಸುರಿಯುತ್ತ ಹೋಗಿ. ಲೆಕ್ಕದ ಪ್ರಕಾರ 10.2 ಕಿಲೋ ಆದಾಗ ಕ್ಲಿಕ್ ಎನ್ನಬೇಕು. ವ್ರೆಂಚಿನ ಸ್ವಂತ ತೂಕವೂ ಕೆಳಗೆ ಎಳೆಯುವುದರಿಂದ ಬಕೆಟ್ಟೂ ನೀರೂ ಸೇರಿ ಹತ್ತು ಕಿಲೋಗೆ ತುಸು ಮುಂಚೆಯೇ ಅಂದರೆ ನಿಮ್ಮ ವ್ರೆಂಚ್ ಸರಿ ಇದೆ. ಬಕೆಟ್ ತೂಗಲು ದಿನಸಿ ಅಂಗಡಿಯ ತಕ್ಕಡಿ ಸಾಕು. ಎಂಟು ಕಿಲೋಗೇ ಕ್ಲಿಕ್ ಅಂದರೆ ಅಥವಾ ಹನ್ನೆರಡಾದರೂ ಸುಮ್ಮನಿದ್ದರೆ ಅಂಗಡಿಗೆ ವಾಪಸು ಕೊಡಿ. ಕೆಲಸ ಮುಗಿದ ಮೇಲೆ ವ್ರೆಂಚನ್ನು ಅದರ ಕನಿಷ್ಠ ಗೆರೆಗೆ ಇಳಿಸಿ ಇಡಬೇಕು, ಒಳಗಿನ ಸ್ಪ್ರಿಂಗ್ ಒತ್ತಿಕೊಂಡೇ ತಿಂಗಳುಗಟ್ಟಲೆ ಇದ್ದರೆ ಸೋಲುತ್ತದೆ. ನಟ್ ಬಿಚ್ಚಲು ಅದನ್ನು ಬಳಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಜೆರಾಕ್ಸ್ ಪ್ರತಿಯನ್ನು ಓದುವಾಗ ಒಂದು ಎಚ್ಚರ. ಆ ಕಾಲದ ಕೈಪಿಡಿಗಳು ಕಿಲೋ ಮೀಟರ್, ಕಿಲೋ ಸೆಂಟಿಮೀಟರ್, ಫುಟ್ ಪೌಂಡ್ ಎಂದು ನಾನಾ ಮಾನಗಳಲ್ಲಿ ಬರೆದಿರುತ್ತಿದ್ದವು. ಒಂದು ಕಿಲೋ ಮೀಟರ್, ಅಂದರೆ ಒಂದು ಮೀಟರ್ ಉದ್ದದ ಸನ್ನೆಯ ತುದಿಗೆ ಒಂದು ಕಿಲೋ, 9.8 ನ್ಯೂಟನ್ ಮೀಟರಿಗೆ ಸಮ. ಒಂದು ಫುಟ್ ಪೌಂಡ್ 1.36ಕ್ಕೆ ಸಮ. ಜೆರಾಕ್ಸಿನಲ್ಲಿ ದಶಮಾಂಶದ ಚುಕ್ಕೆ ಅಳಿಸಿಹೋಗುವುದು ಮಾಮೂಲು, 2.5 ಎಂಬುದು 25 ಆಗಿ ಕಾಣುತ್ತದೆ. ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಇಂಥದೇ ಎಡವಟ್ಟು ಮಾಡಿದ್ದೇನೆ. ಪುಸ್ತಕದಲ್ಲಿ ಒಂದು ಕಿಲೋ ಮೀಟರ್ ಎಂದಿದ್ದುದನ್ನು ಯಾರೋ ಗೋಡೆಯ ಹಲಗೆಯ ಮೇಲೆ ಬರೀ 10 ಎಂದು ಬರೆದಿದ್ದರು, ನನ್ನ ಕೈಯಲ್ಲಿದ್ದ ವ್ರೆಂಚಿನ ಗೆರೆಗಳು ಫುಟ್ ಪೌಂಡಿನವು. ನಾನು 10ಕ್ಕೆ ಇಟ್ಟು ಎಳೆದೆ, ಅಂದರೆ 13.6 ನ್ಯೂಟನ್ ಮೀಟರ್. ಬೋಲ್ಟ್ ಒಂದು ಹಂತದಲ್ಲಿ ಬೆಣ್ಣೆಯೊಳಗೆ ತಿರುಗಿದಂತೆ ಮೃದುವಾಯಿತು, ಕ್ಲಿಕ್ ಬರಲೇ ಇಲ್ಲ. ತೆಗೆದು ಹೊಸ ಬೋಲ್ಟಿನ ಪಕ್ಕಕ್ಕೆ ಥ್ರೆಡ್ಡಿಗೆ ಥ್ರೆಡ್ ಕೂಡಿಸಿ ಬೆಳಕಿಗೆ ಹಿಡಿದಾಗ ಮೊದಲ ಐದು ಸುತ್ತು ಸರಿಯಾಗಿ ಕೂತು, ಆರನೆಯದರಿಂದ ನಡುವೆ ಬೆಳಕಿನ ಗೆರೆ ಕಾಣಿಸಿತು. ಅಲ್ಲಿಂದ ಮುಂದೆ ಅದರ ಕುತ್ತಿಗೆ ಕಬ್ಬಿನ ಗಿಣ್ಣಿನ ಪಕ್ಕದ ಹಾಗೆ ಸಣ್ಣದಾಗಿತ್ತು. ಹಾಗೆ ಬೆಳಕಿಗೆ ಹಿಡಿದು ನೋಡುವ ಪರೀಕ್ಷೆಯನ್ನು ಇಂದಿಗೂ ಪ್ರತಿಯೊಂದು ಹಳೆಯ ಸ್ಟಡ್ಡಿಗೂ (ತಲೆಯಿಲ್ಲದ, ನಟ್ ಕೂರುವ ಥ್ರೆಡ್ ಸರಳು) ಮಾಡುತ್ತೇನೆ. ಹೊಸ ನಟ್ಟನ್ನು ಬೆರಳಿನಿಂದ ಉದ್ದಕ್ಕೂ ಓಡಿಸಿದರೂ ಆದೀತು. ಹಿಗ್ಗಿದ ಜಾಗ ಬಂದ ಕೂಡಲೇ ನಟ್ ಹಿಡಿದುಕೊಳ್ಳುತ್ತದೆ. ಅಂಥ ಸ್ಟಡ್ಡನ್ನು ಮತ್ತೆ ಬಳಸಬೇಡಿ.

ಬೆರಳಿನ ಪರೀಕ್ಷೆಗೆ ಇನ್ನೊಂದು ಉಪಯೋಗವೂ ಇದೆ. ನಟ್ ಬೆರಳಿನಿಂದ ಪೂರ್ತಿ ಇಳಿಯದೆ ಸ್ಪ್ಯಾನರ್ ಬೇಡುತ್ತಿದ್ದರೆ, ಹಾಗೆ ತಿರುಗಿಸಲು ಬೇಕಾಗುವ ಬಲವೂ ವ್ರೆಂಚಿನ ಅಂಕಿಯಲ್ಲಿ ಸೇರಿಕೊಳ್ಳುತ್ತದೆ. ತುಕ್ಕಿನ ಥ್ರೆಡ್ಡಿನಲ್ಲಿ ನಾಲ್ಕು ನ್ಯೂಟನ್ ಮೀಟರ್ ಸುಮ್ಮನೆ ತಿರುಗುವುದಕ್ಕೇ ಹೋದರೆ ನೀವು ಕೊಟ್ಟ ಹತ್ತರಲ್ಲಿ ಬಿಗಿ ಮಾಡಿದ್ದು ಆರು. ತಂತಿಬ್ರಷ್, ಸೀಮೆಎಣ್ಣೆ, ಆಮೇಲೆ ಥ್ರೆಡ್ ಸ್ವಚ್ಛ ಮಾಡುವ ಟ್ಯಾಪ್. ಹೊಸ ಥ್ರೆಡ್ ಕೊರೆಯುವ ಚೂಪು ಟ್ಯಾಪನ್ನು ಹಳೆಯ ಅಲ್ಯೂಮಿನಿಯಂ ರಂಧ್ರದಲ್ಲಿ ಓಡಿಸಿದರೆ ಉಳಿದಿರುವ ಲೋಹವನ್ನೂ ಕೆರೆದು ತೆಗೆಯುತ್ತದೆ. ಹಳೆಯ ಬೋಲ್ಟೊಂದಕ್ಕೆ ಗರಗಸದಿಂದ ಉದ್ದುದ್ದ ಎರಡು ಗೀರು ಹಾಕಿ ಅದನ್ನೇ ಟ್ಯಾಪಿನಂತೆ ಕೈಯಿಂದ ಓಡಿಸಿದರೆ ಕಸ ಗೀರಿನಲ್ಲಿ ಕೂರುತ್ತದೆ, ಲೋಹ ಉಳಿಯುತ್ತದೆ.

ಹೆಡ್ ನಟ್ಟಿಗೆ ಎಣ್ಣೆಯ ಪ್ರಶ್ನೆ. ಕೈಪಿಡಿ ಎಣ್ಣೆ ಹಚ್ಚಿ ಎಂದರೆ ಥ್ರೆಡ್ಡಿಗೂ ನಟ್ ಕೂರುವ ಮುಖಕ್ಕೂ ತೆಳುವಾಗಿ ಹಚ್ಚಿ. ಅರ್ಧದಷ್ಟು ಘರ್ಷಣೆ ಆ ಮುಖದಲ್ಲೇ ಇರುವುದರಿಂದ ಅದನ್ನು ಬಿಟ್ಟು ಥ್ರೆಡ್ಡಿಗೆ ಮಾತ್ರ ಹಚ್ಚಿದರೆ ಅರ್ಧ ಕೆಲಸವಾಗುತ್ತದೆ. ಏನೂ ಹೇಳದಿದ್ದರೆ ಶುಚಿಯಾದ ಒಣ ಥ್ರೆಡ್ ಎಂದು ತಿಳಿಯಿರಿ. ಒಣದ್ದಕ್ಕೆ ಬರೆದ ಅಂಕಿಯನ್ನು ಎಣ್ಣೆ ಹಚ್ಚಿದ್ದಕ್ಕೆ ಬಳಸಲೇಬೇಕಾದರೆ ನೂರಕ್ಕೆ ಇಪ್ಪತ್ತರಿಂದ ಇಪ್ಪತ್ತೈದರಷ್ಟು ಇಳಿಸಿ. ಥ್ರೆಡ್‌ಲಾಕ್ ಅಂಟು ಕೂಡ ಒಣಗುವ ಮುನ್ನ ಎಣ್ಣೆಯ ಹಾಗೆಯೇ ಜಾರುತ್ತದೆ ಎಂಬುದು ನೆನಪಿರಲಿ.

ಇಂಜಿನ್ ಪೂರ್ತಿ ತಣ್ಣಗಿರುವಾಗಲೇ ಹೆಡ್ ಬಿಗಿ ಮಾಡಬೇಕು ಎನ್ನುವುದಕ್ಕೂ ಲೆಕ್ಕವಿದೆ. ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುವ ಲೋಹ. 100 ಮಿಲಿಮೀಟರ್ ಎತ್ತರದ ಅಲ್ಯೂಮಿನಿಯಂ ನೂರು ಡಿಗ್ರಿ ಏರಿದರೆ 0.23 ಮಿಲಿಮೀಟರ್ ಬೆಳೆಯುತ್ತದೆ, ಅಷ್ಟೇ ಉದ್ದದ ಉಕ್ಕಿನ ಸ್ಟಡ್ 0.12. ಇನ್ನೊಂದೆಡೆ 8 ಎಂಎಂ ಸ್ಟಡ್ಡನ್ನು 25 ನ್ಯೂಟನ್ ಮೀಟರಿಗೆ ಬಿಗಿ ಮಾಡಿದಾಗ 100 ಮಿಲಿಮೀಟರಿಗೆ ಅದು ಹಿಗ್ಗುವುದು ಸುಮಾರು 0.15 ಮಿಲಿಮೀಟರ್, ಒಂದೂವರೆ ಹಾಳೆ ಕಾಗದದ ದಪ್ಪ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಬಿಸಿ ಇಂಜಿನ್ನಿನಲ್ಲಿ ಬಿಗಿ ಮಾಡಿದ ನಟ್ ತಣ್ಣಗಾದ ಮೇಲೆ ಎಷ್ಟು ಕಳೆದುಕೊಳ್ಳುತ್ತದೆ ಎಂಬುದು ತಾನೇ ತಿಳಿಯುತ್ತದೆ. ಬ್ಯಾರಲ್ (ಹೆಡ್ಡಿನ ಕೆಳಗಿನ ಸಿಲಿಂಡರ್) ಬೀಡು ಕಬ್ಬಿಣದ್ದಾಗಿದ್ದರೆ ಅದರ ಹಿಗ್ಗುವಿಕೆ ಉಕ್ಕಿಗೆ ಹತ್ತಿರ, ಆಗ ವ್ಯತ್ಯಾಸ ಹೆಡ್ಡಿನ ದಪ್ಪದಲ್ಲಿ ಮಾತ್ರ ಉಳಿಯುತ್ತದೆ; ಆದರೂ ನಿಯಮ ಬದಲಾಗುವುದಿಲ್ಲ. ಎದುರುಬದುರು ನಟ್ಟುಗಳನ್ನು ಕತ್ತರಿಯಾಕಾರದಲ್ಲಿ, ಮೊದಲು ಪೂರ್ಣ ಅಂಕಿಯ ಮೂರನೆಯ ಒಂದು ಪಾಲು, ಆಮೇಲೆ ಮೂರನೆಯ ಎರಡು ಪಾಲು, ಆಮೇಲೆ ಪೂರ್ತಿ, ಹೀಗೆ ಮೂರು ಸುತ್ತಿನಲ್ಲಿ ಏರಿಸಿ. ವ್ರೆಂಚನ್ನು ಝಾಡಿಸಿ ಎಳೆಯದೆ ಒಂದೇ ವೇಗದಲ್ಲಿ ಎಳೆಯಿರಿ, ಒಮ್ಮೆ ಕ್ಲಿಕ್ ಅಂದರೆ ಸಾಕು. ‘ಇರಲಿ’ ಎಂದು ಇನ್ನೆರಡು ಸಲ ಕ್ಲಿಕ್ ಅನಿಸುವುದು ಒಳ್ಳೆಯ ಅಭ್ಯಾಸವಲ್ಲ. ಇಂಜಿನ್ ಚಾಲೂ ಮಾಡಿ ಚೆನ್ನಾಗಿ ಬಿಸಿಯಾಗಲು ಬಿಟ್ಟು, ರಾತ್ರಿಯಿಡೀ ತಣ್ಣಗಾದ ಮೇಲೆ ಬೆಳಗ್ಗೆ ಮತ್ತೊಮ್ಮೆ ಪರೀಕ್ಷಿಸಿ; ಹೊಸ ಗ್ಯಾಸ್ಕೆಟ್ ಮೊದಲ ಬಿಸಿಯಲ್ಲಿ ತುಸು ಕೂರುತ್ತದೆ.

ಸಾಕೆಟ್ ಹೋಗದ ಜಾಗದಲ್ಲಿ ವ್ರೆಂಚಿನ ತುದಿಗೆ ಕಾಗೆಗಾಲಿನ ಸ್ಪ್ಯಾನರ್ (ಪಕ್ಕದಿಂದ ನಟ್ ಹಿಡಿಯುವ ತೆರೆದ ಬಾಯಿಯ ತುಂಡು) ಸಿಕ್ಕಿಸುವುದಾದರೆ ಸನ್ನೆಯ ಉದ್ದ ಬದಲಾಗುತ್ತದೆ. ವ್ರೆಂಚ್ 300 ಮಿಲಿಮೀಟರ್, ಕಾಗೆಗಾಲು ಅದೇ ಸಾಲಿನಲ್ಲಿ ಇನ್ನೂ 40 ಮಿಲಿಮೀಟರ್ ಎಂದಾದರೆ, 25 ಬೇಕಿದ್ದಾಗ 22ಕ್ಕೆ ಇಡಬೇಕು. ಅದನ್ನೇ ವ್ರೆಂಚಿಗೆ ಲಂಬವಾಗಿ ತಿರುಗಿಸಿ ಹಾಕಿದರೆ ಲೆಕ್ಕ ಬೇಕಿಲ್ಲ.

ಕೈಪಿಡಿಯಲ್ಲಿ ಅಂಕಿಯೇ ಇಲ್ಲದ ಬೋಲ್ಟುಗಳಿಗೆ ಹೋಂಡಾದ ಕೈಪಿಡಿಗಳಲ್ಲಿ ಬರುವ ಸಾಮಾನ್ಯ ಪಟ್ಟಿಯನ್ನು ನಾನು ಆಧಾರವಾಗಿ ಇಟ್ಟುಕೊಳ್ಳುತ್ತೇನೆ: 5 ಎಂಎಂ ಬೋಲ್ಟಿಗೆ 5 ನ್ಯೂಟನ್ ಮೀಟರ್, 6ಕ್ಕೆ 10, 8ಕ್ಕೆ 22, 10ಕ್ಕೆ 34, 12ಕ್ಕೆ 54. ನೀವು ನೋಡಿದ 10 ಅಲ್ಲಿಂದಲೇ ಬಂದಿರಬೇಕು. ಅದು ಮಾಮೂಲಿ ದರ್ಜೆಯ ಬೋಲ್ಟಿನ ಮಾತು. ಎಲ್ಲಿ ದುರ್ಬಲವಾದ ಇನ್ನೊಂದು ವಸ್ತು ಇದೆಯೋ ಅಲ್ಲಿ ಆ ವಸ್ತು ಹೇಳಿದಂತೆ ಕೇಳಬೇಕು. ಹೋಂಡಾದವರೇ ತಮ್ಮ ಅನೇಕ ಬಂಡಿಗಳ 12 ಎಂಎಂ ಆಯಿಲ್ ಡ್ರೇನ್ ಬೋಲ್ಟಿಗೆ ಕೊಡುವುದು 24ರಿಂದ 30 ಮಾತ್ರ, ಪಟ್ಟಿಯ 54ರ ಅರ್ಧ. ಏಕೆಂದರೆ ಅದು ಅಲ್ಯೂಮಿನಿಯಂ ಒಳಗೆ ಕೂರುತ್ತದೆ, ವಾಷರನ್ನು ಅದುಮಿ ಎಣ್ಣೆ ಸೋರದಂತೆ ತಡೆದರೆ ಅದರ ಕೆಲಸ ಮುಗಿಯಿತು. 14 ಎಂಎಂ ಸ್ಪಾರ್ಕ್ ಪ್ಲಗ್ಗಿಗೂ ಅಲ್ಯೂಮಿನಿಯಂ ಹೆಡ್ಡಿನಲ್ಲಿ 25ರ ಆಸುಪಾಸು ಸಾಕು. ವ್ರೆಂಚ್ ಇಲ್ಲದಿದ್ದರೆ ಹೊಸ ಪ್ಲಗ್ಗನ್ನು ಬೆರಳಿನಿಂದ ಕೂರುವವರೆಗೆ ತಿರುಗಿಸಿ ಆಮೇಲೆ ಅರ್ಧ ಸುತ್ತು, ವಾಷರ್ ಒಮ್ಮೆ ಅದುಮಿಕೊಂಡ ಹಳೆಯ ಪ್ಲಗ್ಗಾದರೆ ಹನ್ನೆರಡನೆಯ ಒಂದು ಸುತ್ತು, ಗಡಿಯಾರದ ಮುಳ್ಳಿನಲ್ಲಿ ಐದು ನಿಮಿಷದಷ್ಟು. ಬುಲೆಟ್ಟಿನ ಹಳೆಯ ಬೀಡಿನ ಇಂಜಿನ್ನಿಗೆ ಮಾತ್ರ ಈ ಪಟ್ಟಿಯನ್ನು ಕಣ್ಣುಮುಚ್ಚಿ ಒಯ್ಯಬೇಡಿ, ಅದರಲ್ಲಿ ಬ್ರಿಟಿಷ್ ಅಳತೆಯ ಥ್ರೆಡ್ಡುಗಳೂ ಇವೆ, ಮೆಟ್ರಿಕ್ ನಟ್ ಅರ್ಧದವರೆಗೆ ಹೋಗಿ ಸಿಕ್ಕಿಕೊಳ್ಳುತ್ತದೆ.

ಕಿತ್ತುಹೋದ ರಂಧ್ರಕ್ಕೆ ಹೆಲಿಕಾಯಿಲ್ ಹಾಕಿಸಿ. 6 ಎಂಎಂ ಥ್ರೆಡ್ಡಿಗೆ 6.3 ಮಿಲಿಮೀಟರ್ ಡ್ರಿಲ್ ಓಡಿಸಿ, ಅದರದೇ ವಿಶೇಷ ಟ್ಯಾಪ್ ಹೊಡೆದು, ಉಕ್ಕಿನ ಸುರುಳಿಯನ್ನು ಕೂರಿಸುತ್ತಾರೆ. ಭಾರ ಅಗಲವಾದ ಅಲ್ಯೂಮಿನಿಯಂ ಮೇಲೆ ಹಂಚಿಹೋಗುವುದರಿಂದ ಅದು ಮೂಲ ಥ್ರೆಡ್ಡಿಗಿಂತ ಗಟ್ಟಿಯಾಗಿಯೇ ನಿಲ್ಲುತ್ತದೆ. ರಂಧ್ರವನ್ನು 8 ಎಂಎಂಗೆ ದೊಡ್ಡದು ಮಾಡಿಕೊಡುತ್ತೇನೆ ಎಂದು ಲೇತ್ ಅಂಗಡಿಯವರು ಹೇಳಿದರೆ ಒಪ್ಪಬೇಡಿ, ಆ ಕಿವಿಯ ಸುತ್ತ ಅಷ್ಟು ಲೋಹ ಇರುವುದಿಲ್ಲ. ಎಂಸೀಲ್ ತುಂಬಿ ಬೋಲ್ಟ್ ಚುಚ್ಚುವ ಉಪಾಯವನ್ನು ನಾನು ಬೇಕಾದಷ್ಟು ಬಂಡಿಗಳಲ್ಲಿ ಕಂಡಿದ್ದೇನೆ. ಮುಂದಿನ ಸಲ ಬಿಚ್ಚುವವನು ಹಿಂದಿನವನನ್ನು ಶಪಿಸುತ್ತಾನೆ, ಅಷ್ಟೇ. ಉಳಿದ ಬೋಲ್ಟುಗಳನ್ನೂ ಬಿಚ್ಚಿ ಥ್ರೆಡ್ಡಿನ ತುದಿಯಲ್ಲಿ ಬೆಳ್ಳಗಿನ ಪುಡಿ ಅಂಟಿದೆಯೇ ನೋಡಿ. ಇದ್ದರೆ ಅವೂ ಅರ್ಧ ದಾರಿಯಲ್ಲಿವೆ.

ನಿಮ್ಮ ಮೆಕ್ಯಾನಿಕ್ ಹೇಳುವ ಕೈ ಅಂದಾಜನ್ನು ನಾನು ತಳ್ಳಿಹಾಕುವುದಿಲ್ಲ. ನಲವತ್ತು ವರ್ಷ ಇದೇ ಬಂಡಿಗಳನ್ನು ಬಿಚ್ಚಿದವರ ಕೈಗೆ ಲೋಹ ಇನ್ನೇನು ಸೋಲುತ್ತದೆ ಎನ್ನುವ ಕ್ಷಣ ತಿಳಿಯುತ್ತದೆ, ವ್ರೆಂಚಿಗೆ ಅದು ಯಾವತ್ತೂ ತಿಳಿಯದು. 10 ನಂಬರಿನ ಗಿಡ್ಡ ರಿಂಗ್ ಸ್ಪ್ಯಾನರಿನ ಉದ್ದ 13 ಸೆಂಟಿಮೀಟರ್ ಎಂದು ಹಿಡಿದರೆ ಅದರ ತುದಿಯಲ್ಲಿ ಎಂಟು ಕಿಲೋ ಎಳೆತ ಹಾಕಿದಾಗ 10 ನ್ಯೂಟನ್ ಮೀಟರ್ ಆಗುತ್ತದೆ. ಸಣ್ಣ ನಟ್ಟಿಗೆ ಗಿಡ್ಡ ಸ್ಪ್ಯಾನರ್ ಮಾಡಿದವರು ಈ ಅಂದಾಜನ್ನು ಉದ್ದದಲ್ಲೇ ಕೂರಿಸಿದ್ದಾರೆ. ಅವರಿಂದ ಹೆಡ್ ನಟ್ಟುಗಳನ್ನು ಬಿಗಿ ಮಾಡಿಸಿ, ಆಮೇಲೆ ವ್ರೆಂಚನ್ನು ಕೆಳಗಿನಿಂದ ಎರಡೆರಡೇ ನ್ಯೂಟನ್ ಮೀಟರ್ ಏರಿಸುತ್ತ ನಟ್ ಯಾವ ಅಂಕಿಗೆ ಕದಲುತ್ತದೆ ನೋಡಿ. ನಾಲ್ಕು ನಟ್ಟುಗಳೂ ಒಂದೇ ಅಂಕಿಗೆ ಕದಲಿದರೆ ಅವರ ಕೈಯನ್ನು ನಂಬಿ. ಕೈಗೆ ಸಾಮಾನ್ಯವಾಗಿ ತಪ್ಪುವುದು ಸಮತೆ: ಕೈ ಚಾಚಲು ಅನುಕೂಲವಾದ ಕಡೆಯ ನಟ್ ಹೆಚ್ಚು, ಫ್ರೇಮಿನ ಹಿಂದೆ ಅಡಗಿದ್ದು ಕಡಿಮೆ, ಆಮೇಲೆ ಹೆಡ್ ಡೊಂಕಾಗಿ ಒಂದು ಕಡೆಯಿಂದ ಗ್ಯಾಸ್ ಸೋರುತ್ತದೆ.

ಹ್ಯಾಂಡಲಿನ ಕೋನ್‌ಸೆಟ್ಟಿಗೆ (ಹ್ಯಾಂಡಲ್ ತಿರುಗುವ ಗುಂಡು ಬೇರಿಂಗ್) ಮಾತ್ರ ವ್ರೆಂಚನ್ನು ಕೆಳಗಿಡಿ. ಗುಂಡುಗಳ ಮೇಲಿನ ಒತ್ತಡವನ್ನು ಅಲ್ಲಿ ಹ್ಯಾಂಡಲ್ ತನ್ನ ತೂಕದಿಂದಲೇ ಎರಡೂ ಕಡೆಗೆ ಬೀಳುವಂತೆ, ಆದರೆ ಮುಂದಿನ ಚಕ್ರ ಹಿಡಿದು ಅಲ್ಲಾಡಿಸಿದರೆ ಆಟ ಕಾಣದಂತೆ ಹೊಂದಿಸಬೇಕು. ಸ್ಪ್ಲಿಟ್ ಪಿನ್ ಇರುವ ನಟ್ಟಿನಲ್ಲಿ ರಂಧ್ರ ಕೂಡದಿದ್ದರೆ ಮುಂದಿನ ಸೀಳಿನವರೆಗೆ ಬಿಗಿ ಮಾಡಿ, ಹಿಂದಕ್ಕೆ ಎಂದೂ ಸಡಿಲಿಸಬೇಡಿ. ಹಿಂದಿನ ಬ್ರೇಕಿನ ಟಾರ್ಕ್ ಆರ್ಮ್ ಬೋಲ್ಟಿಗೆ ಹಳೆಯ ಪಿನ್ ಮತ್ತೆ ಹಾಕಬೇಡಿ.

ಕೊನೆಯದಾಗಿ, ನೀವು ಕೇಳದಿದ್ದರೂ ನನಗೆ ಹೆಚ್ಚು ಚಿಂತೆಯಾದದ್ದು ಪೌಡರ್ ಕೋಟಿಂಗ್. ಆ ಬಣ್ಣದ ದಪ್ಪ ಸಾಮಾನ್ಯವಾಗಿ 60ರಿಂದ 100 ಮೈಕ್ರಾನ್, ಅಂದರೆ ಹೆಚ್ಚೆಂದರೆ 0.1 ಮಿಲಿಮೀಟರ್. ಉದ್ದನೆಯ ಸ್ಟಡ್ 0.15 ಹಿಗ್ಗುತ್ತದೆ ಎಂದೆನಲ್ಲ, ಇಂಜಿನ್ ಮೌಂಟಿಂಗಿನಲ್ಲಿ 20 ಮಿಲಿಮೀಟರ್ ದಪ್ಪವನ್ನು ಹಿಡಿಯುವ ಗಿಡ್ಡ ಬೋಲ್ಟ್ ಅದೇ ಲೆಕ್ಕದಲ್ಲಿ ಹಿಗ್ಗುವುದು 0.03 ಮಿಲಿಮೀಟರ್. ಇಂಜಿನ್ ನಡುಕಕ್ಕೆ ವಾಷರಿನ ಕೆಳಗಿನ ಬಣ್ಣ ತನ್ನ ದಪ್ಪದ ಮೂರನೆಯ ಒಂದು ಪಾಲು ಕುಸಿದರೂ ಬೋಲ್ಟಿನ ಎಳೆತ ಪೂರ್ತಿ ಹೋಯಿತು. ನೀವು ಟಾರ್ಕ್ ವ್ರೆಂಚಿನಲ್ಲಿ ಎಷ್ಟೇ ಶ್ರದ್ಧೆಯಿಂದ ಬಿಗಿ ಮಾಡಿದ್ದರೂ ಐವತ್ತು ಕಿಲೋಮೀಟರಿಗೆ ನಟ್ ಬೆರಳಿಗೆ ತಿರುಗುತ್ತದೆ. ಮೌಂಟಿಂಗ್ ಪ್ಲೇಟುಗಳು ಫ್ರೇಮಿಗೆ ತಾಗುವ ಮುಖ, ವಾಷರ್ ಕೂರುವ ವೃತ್ತ, ಹಿಂಬದಿಯ ಆಕ್ಸಲ್ ಕೂರುವ ಜಾಗ, ಇಷ್ಟು ಕಡೆ ಬಣ್ಣವನ್ನು ಲೋಹ ಕಾಣುವವರೆಗೆ ಕೆರೆದು ತೆಗೆದು, ತುಕ್ಕು ಹಿಡಿಯದಂತೆ ತೆಳುವಾಗಿ ಗ್ರೀಸ್ ಸವರಿ, ವಾಷರಿನ ಕೆಳಗೆ ಮಾತ್ರ ಅದನ್ನು ಒರೆಸಿಬಿಡಿ. ಬಿಗಿ ಮಾಡಿದ ಮೇಲೆ ನಟ್ಟಿನಿಂದ ಪ್ಲೇಟಿಗೆ ಹಾಯುವಂತೆ ಬಿಳಿ ಬಣ್ಣದ ಒಂದು ಗೆರೆ ಎಳೆದಿಡಿ. ಮೊದಲ 100 ಕಿಲೋಮೀಟರ್ ಓಡಿಸಿ ಬಂದ ದಿನ ಟಾರ್ಚ್ ಹಿಡಿದು ನೋಡಿ, ಗೆರೆ ಮುರಿದಿರುವ ನಟ್ ಯಾವುದಾದರೂ ಇದ್ದರೆ ಅದನ್ನು ಮತ್ತೆ ಬಿಗಿ ಮಾಡುವ ಮೊದಲು ಬಿಚ್ಚಿ, ಅದರ ವಾಷರಿನ ಕೆಳಗೆ ಏನು ಉಳಿದಿದೆ ಎಂದು ನೋಡಿ.